ಕೆಚ್ಚಲು ಬಾವಿಗೆ ಇನ್ನೂ ಸ್ಟ್ರಾಂಗ್ ಇಂಜೆಕ್ಷನ್ ಯಾವುದು?

ಮೊದಲ ಇಂಜೆಕ್ಷನ್‌ಗೆ ಹಸುವಿನ ಕೆಚ್ಚಲು ಬಾವು ಇಳಿದಿಲ್ಲ, ಇನ್ನೂ ಸ್ಟ್ರಾಂಗ್ ಆದದ್ದನ್ನು ಮೆಡಿಕಲ್‌ನಿಂದ ತಂದು ನಾನೇ ಹಾಕಬಹುದಾ ಅಂತ ಕೇಳಿದ್ದೀರಿ. ನಾನೂ ಇದೇ ಪ್ರಶ್ನೆ ಹಿಡಿದು ಓಡಾಡಿದವನು. ನಿಮ್ಮ ಹಸುವಿಗೆ ಇದನ್ನೇ ಹಾಕಿ ಅಂತ ಔಷಧಿಯ ಹೆಸರು ಮಾತ್ರ ಹೇಳುವುದಿಲ್ಲ.

ನಮ್ಮ ಎಚ್‌ಎಫ್ ತಳಿಯ ಹಸು ಎರಡನೇ ಕರು ಹಾಕಿ ತಿಂಗಳಾಗಿತ್ತು. ಹಿಂದಿನ ಬಲ ಮೊಲೆ ಊದಿತು. ಅಂಗೈಗೆ ಕರೆದರೆ ನೀರಿನಂಥ ಹಾಲು, ಅದರಲ್ಲಿ ಮೊಸರಿನಂಥ ಚೂರು. ಡಾಕ್ಟ್ರು ಸೆಫ್ಟ್ರಯಾಕ್ಸೋನ್ ಅನ್ನುವ ಆಂಟಿಬಯೋಟಿಕ್ ಇಂಜೆಕ್ಷನ್ ಬರೆದು, 5 ದಿನ ತಪ್ಪದೆ ಹಾಕಿಸಿ ಅಂದರು. ಮೂರನೇ ದಿನ ಹಾಲು ಬೆಳ್ಳಗಾಯಿತು. ನಿಲ್ಲಿಸಿಬಿಟ್ಟೆ.

ಕೆಟ್ಟಿದ್ದೇ ಅಲ್ಲಿ. ಔಷಧಿ ನಡೆಯುವಾಗ ನಾಲ್ಕೂ ಮೊಲೆಯ ಹಾಲನ್ನು ಡೈರಿಗೆ ಹಾಕುವಂತಿಲ್ಲ. ದಿನಕ್ಕೆ 14 ಲೀಟರ್ ಚೆಲ್ಲಲು ಮನಸ್ಸು ಬರಲಿಲ್ಲ. ಹಾಲು ಬೆಳ್ಳಗಾದರೆ ರೋಗ ಹೋಯಿತು ಅಂದುಕೊಂಡೆ. ಹೋಗಿರಲಿಲ್ಲ. ಮೊದಲು ಸಾಯುವುದು ಬಲವಿಲ್ಲದ ಬ್ಯಾಕ್ಟೀರಿಯಾ, ಗಟ್ಟಿಯವು ಒಳಗೇ ಉಳಿಯುತ್ತವೆ. 20 ದಿನಕ್ಕೆ ಬಾವು ಮರಳಿತು. ಎತ್ತಿಟ್ಟಿದ್ದ ಎರಡು ಬಾಟಲಿಯನ್ನೇ ಅರ್ಧರ್ಧ ಮಾಡಿ ನಾನೇ ಚುಚ್ಚಿದೆ. ಗಟ್ಟಿಯವು ಸಾಯುವಷ್ಟಲ್ಲ, ಪಳಗುವಷ್ಟು ಔಷಧಿ ಕೊಟ್ಟ ಹಾಗಾಯಿತು. ಮೂರನೇ ಸಲ ಪೂರ್ತಿ ಡೋಸ್ ಹಾಕಿಸಿದರೂ ನಾಟಲಿಲ್ಲ.

ಆಮೇಲೆ ಹಾಲನ್ನು ಲ್ಯಾಬ್‌ಗೆ ಒಯ್ದೆ. ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ಮೇಲೆ ಒಂದೊಂದು ಔಷಧಿಯ ಪುಟ್ಟ ಬಿಲ್ಲೆ ಇಡುತ್ತಾರೆ. ನಾಟುವ ಔಷಧಿಯ ಸುತ್ತ ಏನೂ ಬೆಳೆಯದೆ ಬಳೆಯಂತೆ ಖಾಲಿ ಜಾಗ ಬಿಡುತ್ತದೆ. ನಾನು ಹಾಕಿದ್ದ ಔಷಧಿಯ ಬಿಲ್ಲೆಗೆ ಬಳೆಯೇ ಇರಲಿಲ್ಲ. ಅದಕ್ಕಿಂತ ಅಗ್ಗದ, ಹಳೆಯ ಜೆಂಟಾಮೈಸಿನ್ ಸುತ್ತ ಅಗಲವಾದ ಬಳೆ. ಅಷ್ಟರಲ್ಲಿ ಮೊಲೆ ಕಲ್ಲಾಗಿತ್ತು, ಮತ್ತೆ ಹಾಲು ಇಳಿಯಲಿಲ್ಲ.

ಹಾಗಾಗಿ ಸ್ಟ್ರಾಂಗ್ ಯಾವುದು ಅನ್ನುವ ಪ್ರಶ್ನೆಯೇ ತಪ್ಪು. ನಿಮ್ಮ ಹಸುವಿನಲ್ಲಿರುವ ಬ್ಯಾಕ್ಟೀರಿಯಾಕ್ಕೆ ಯಾವುದು ನಾಟುತ್ತದೆ ಅಂತ ಕೇಳಿ. ಸೆಫ್ಟ್ರಯಾಕ್ಸೋನ್ ಟೈಫಾಯಿಡ್ ಬಂದ ಮನುಷ್ಯರಿಗೂ ಬೇಕಾದ ಔಷಧಿ. ದನದಲ್ಲಿ ಪಳಗಿದ ಬ್ಯಾಕ್ಟೀರಿಯಾ ಮನುಷ್ಯರಿಗೆ ದಾಟಿದರೆ ಅವರಿಗೂ ಅದು ನಾಟದೆ ಹೋಗಬಹುದು. ಮನುಷ್ಯರಿಗೆ ಕೊನೆಯ ಆಸರೆಯಾದ ಕೊಲಿಸ್ಟಿನ್ ಅನ್ನು ಕೋಳಿ, ದನಗಳಿಗೆ ಕೊಡದಂತೆ ಕೇಂದ್ರ ಸರ್ಕಾರ 2019ರಲ್ಲಿ ನಿಷೇಧ ಹಾಕಿದ್ದೂ ಇದೇ ಭಯಕ್ಕೆ.

ಇವತ್ತೇ ಡಾಕ್ಟ್ರಿಗೆ, ಇಲ್ಲ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಮುಂದಿನ ಇಂಜೆಕ್ಷನ್‌ಗೆ ಮುಂಚೆಯೇ ಸ್ಯಾಂಪಲ್ ತೆಗೆಯಿರಿ. ತೊಟ್ಟನ್ನು ಸ್ಪಿರಿಟ್‌ನಲ್ಲಿ ಒರೆಸಿ, ಮೊದಲ ಮೂರ್ನಾಲ್ಕು ಧಾರೆ ಬಿಟ್ಟು, ಲ್ಯಾಬ್‌ನವರು ಕೊಡುವ ಬಾಟಲಿಗೇ ಹಿಡಿದು ಐಸ್‌ನಲ್ಲಿಟ್ಟು ಕಳಿಸಿ. ಔಷಧಿ ನಡೆಯುವಾಗಿನ ಹಾಲು ಸುಮ್ನೆ ವೇಸ್ಟ್ ಅಲ್ವಾ ಅಂತ ಕರುವಿಗೆ ಕುಡಿಸಬೇಡಿ. ಅದರ ಹೊಟ್ಟೆಯಲ್ಲೂ ಇದೇ ಕಥೆ ಶುರುವಾಗುತ್ತದೆ.