ತೊರೊಂಗ್ ಲಾ ಎರಡನೇ ಸಲ: ಈ ಬಾರಿ ನಿಧಾನಕ್ಕೆ ಏರಿ

ನೇಪಾಳದ ಅನ್ನಪೂರ್ಣ ಸರ್ಕ್ಯೂಟ್ ಚಾರಣದಲ್ಲಿ ತೊರೊಂಗ್ ಲಾ ಎಂಬ ಎತ್ತರದ ಪಾಸ್ (ಬೆಟ್ಟ ದಾಟುವ ದಾರಿ) ದಾಟಲು ಹೋಗಿ, ಅದಕ್ಕೂ ಮುಂಚಿನ ಹೈ ಕ್ಯಾಂಪ್‌ನಲ್ಲಿ ತಲೆನೋವು, ವಾಕರಿಕೆ ಬಂದು ತಿರುಗಿ ಬಂದೆ, ಮತ್ತೆ ಹೋಗಬೇಕು ಅಂತ ಬರೆದಿದ್ದೀರಿ. ಅದಕ್ಕೆ ಫಿಟ್‌ನೆಸ್ ಕಾರಣ ಅಲ್ಲ ಅನಿಸುತ್ತದೆ. ಜೀಪಿನಲ್ಲಿ ಮನಾಂಗ್‌ವರೆಗೆ ಹೋಗಿ ಮರುದಿನವೇ ಹೊರಟಿರಿ ಅಂತ ಬರೆದಿದ್ದೀರಲ್ವಾ, ಅದೇ ಎಡವಟ್ಟು. ಮನಾಂಗ್ ಹಳ್ಳಿ ಆಗಲೇ 3,500 ಮೀಟರ್ ಎತ್ತರ, ದೇಹಕ್ಕೆ ಒಗ್ಗಿಕೊಳ್ಳಲು ಸಮಯವೇ ಸಿಗಲಿಲ್ಲ.

ಈ ಸಲ ಜೀಪನ್ನು ಇನ್ನೂ ಕೆಳಗಿನ ಊರು ಚಾಮೆಯಲ್ಲೇ ಬಿಡಿ, ಅಲ್ಲಿಂದ ಪಿಸಾಂಗ್ ಹಳ್ಳಿಯ ಮೂಲಕ ಮನಾಂಗ್‌ಗೆ ನಡೆಯಿರಿ. ಮನಾಂಗ್‌ನಲ್ಲಿ ಎರಡು ರಾತ್ರಿ ಇರಲೇಬೇಕು. ನಡುವಿನ ದಿನ ಸುಮ್ನೆ ಮಲಗಬೇಡಿ, ಗಂಗಾಪೂರ್ಣ ಕೆರೆಯ ಮೇಲಿನ ದಿಬ್ಬ ಹತ್ತಿ ಇಳಿಯಿರಿ. ಆಮೇಲೆ ಯಾಕ್ ಖರ್ಕಾದಲ್ಲಿ ಒಂದು ರಾತ್ರಿ, ಪಾಸ್‌ನ ಬುಡದ ತೊರೊಂಗ್ ಫೆಡಿಯಲ್ಲಿ ಒಂದು ರಾತ್ರಿ. ಅದಕ್ಕಿಂತ ಮೇಲಿನ ಹೈ ಕ್ಯಾಂಪ್‌ನಲ್ಲಿ ಮಲಗಿದರೆ ಕೊನೆಯ ದಿನ ಚಿಕ್ಕದಾಗುತ್ತದೆ ನಿಜ, ಆದರೆ ನಿಮ್ಮ ಅನುಭವ ನೋಡಿದರೆ ಬೇಡ. ಎತ್ತರದ ಕಾಯಿಲೆ ತಡೆಯಲು ತೆಗೆದುಕೊಳ್ಳುವ ಡಯಾಮಾಕ್ಸ್ ಮಾತ್ರೆ ನಿಮಗೆ ಆಗುತ್ತದೋ ಇಲ್ಲವೋ ನಾನು ಹೇಳಲಾರೆ, ಹೊರಡುವ ಮುಂಚೆ ಡಾಕ್ಟರನ್ನು ಕೇಳಿ.

ಪಾಸ್ ದಿನ ಬೆಳಗಿನ ಜಾವ ನಾಲ್ಕಕ್ಕೆ ಹೊರಡಿ, ಹೊತ್ತೇರಿದರೆ ಗಾಳಿ ಜಾಸ್ತಿ. ಬ್ಯಾಗಿನೊಳಗಿನ ನೀರಿನ ಚೀಲದಿಂದ ಕುಡಿಯುವ ಪೈಪ್ ನಂಬಬೇಡಿ. ನನ್ನದು ಅರ್ಧ ಗಂಟೆಯಲ್ಲೇ ಹೆಪ್ಪುಗಟ್ಟಿ ಕಡ್ಡಿಯಂತಾಗಿತ್ತು. ಬಾಟಲಿಯನ್ನು ಜಾಕೆಟ್ ಒಳಗೆ ಇಟ್ಟುಕೊಳ್ಳಿ.

5,416 ಮೀಟರ್ ಎತ್ತರದ ಪಾಸ್ ಮುಟ್ಟಿದ ಮೇಲೂ ಕೆಲಸ ಮುಗಿಯಲ್ಲ. ಆಚೆ ಬದಿಯ ಮುಕ್ತಿನಾಥಕ್ಕೆ 1,600 ಮೀಟರ್ ಇಳಿಜಾರು, ಮಂಡಿಗೆ ನಿಜವಾದ ಪರೀಕ್ಷೆ ಅಲ್ಲೇ. ಎರಡು ಕೋಲು ಬೇಕೇ ಬೇಕು.

ಫೆಡಿಯಲ್ಲಿ ತಲೆನೋವು ಇದ್ದರೆ ಮೇಲೆ ಹೋಗಬೇಡಿ, ಇನ್ನೊಂದು ದಿನ ಅಲ್ಲೇ ಇರಿ. ನೋವು ಹೆಚ್ಚಾದರೆ ಅಥವಾ ನಡಿಗೆ ತೂರಾಡಿದರೆ, ರಾತ್ರಿಯಾದರೂ ಸರಿ, ಜೊತೆಗೊಬ್ಬರನ್ನು ಕರೆದುಕೊಂಡು ತಕ್ಷಣ ಕೆಳಗಿಳಿಯಿರಿ. ಇದಕ್ಕಾಗಿ ಎರಡು ದಿನ ಹೆಚ್ಚುವರಿ ಇಟ್ಟುಕೊಂಡೇ ವಾಪಸ್ ಟಿಕೆಟ್ ಮಾಡಿಸಿ.