ಬಕೆಟ್ಟುಗಳನ್ನು ಎಣಿಸಿದರು, ಎಣ್ಣೆಯನ್ನು ಎಣಿಸಲಿಲ್ಲ

ಪ್ರಿಯ ಓದುಗರೆ,

ಕಳೆದ ಸಂಚಿಕೆಯಲ್ಲಿ ಮೆಕ್ಸಿಕೋ ಕೊಲ್ಲಿಯ ಎಣ್ಣೆ ಸೋರಿಕೆ ಬಗ್ಗೆ ಬರೆಯುತ್ತಾ ಬಿಪಿ ಎಂಬ ಎಣ್ಣೆ ಕಂಪನಿಯ ಟಿವಿ ಜಾಹೀರಾತನ್ನು ನಾವು ‘ಬರೀ ಪ್ರಚಾರ’ ಅಂದಿದ್ದೆವು. ನಿಮಗೆ ಸಿಟ್ಟು ಬಂದಿದೆ. ‘ಕಂಪನಿಯ ಮುಖ್ಯಸ್ಥರೇ ಬಂದು ಕ್ಷಮೆ ಕೇಳಿದ್ದಾರೆ, ಅದರಲ್ಲಿ ಒಂದೇ ಒಂದು ಸುಳ್ಳು ವಾಕ್ಯ ತೋರಿಸಿ’ ಅಂತ ಸವಾಲು ಹಾಕಿದ್ದೀರಿ. ಆಗಲ್ಲ ಸ್ವಾಮಿ, ನನಗೂ ಸಿಗಲಿಲ್ಲ. ನನ್ನ ತಕರಾರು ಶುರುವಾಗುವುದೇ ಅಲ್ಲಿಂದ.

2010ರ ಏಪ್ರಿಲ್ 20ರಂದು ಬಿಪಿಗಾಗಿ ಸಮುದ್ರದ ತಳದಲ್ಲಿ ಎಣ್ಣೆಬಾವಿ ಕೊರೆಯುತ್ತಿದ್ದ ಡೀಪ್‌ವಾಟರ್ ಹೊರೈಝನ್ ರಿಗ್ ಸ್ಫೋಟಿಸಿತು. 11 ಕಾರ್ಮಿಕರು ಸತ್ತರು. ಸೋರಿಕೆ ನಿಲ್ಲಿಸಲು 87 ದಿನ ಬೇಕಾಯಿತು. ಜೂನ್ ಆರಂಭದಲ್ಲಿ, ಎಣ್ಣೆ ಇನ್ನೂ ಉಕ್ಕುತ್ತಿರುವಾಗಲೇ, ಕಂಪನಿಯ ಆಗಿನ ಮುಖ್ಯಸ್ಥ ಟೋನಿ ಹೇವರ್ಡ್ ಜಾಹೀರಾತಿನಲ್ಲಿ ಕಾಣಿಸಿಕೊಂಡು 1,300ಕ್ಕೂ ಜಾಸ್ತಿ ದೋಣಿ, 30 ವಿಮಾನ, 20 ಲಕ್ಷ ಅಡಿಗೂ ಉದ್ದದ ತೇಲುವ ತಡೆಬೇಲಿ ಅಂತೆಲ್ಲ ಲೆಕ್ಕ ಒಪ್ಪಿಸಿದರು. ದಿನಕ್ಕೆ ಎಷ್ಟು ಎಣ್ಣೆ ಸಮುದ್ರ ಸೇರುತ್ತಿದೆ ಅನ್ನುವ ಲೆಕ್ಕ ಮಾತ್ರ ಇಲ್ಲ! ಮನೆಯಲ್ಲಿ ಪೈಪು ಒಡೆದು ಮೊಣಕಾಲುದ್ದ ನೀರು ನಿಂತಿರುವಾಗ, ಪ್ಲಂಬರ್ ಬಂದು ತಾನು ತಂದ ಬಕೆಟ್ಟುಗಳನ್ನು ಎಣಿಸಿ ತೋರಿಸಿದ ಹಾಗೆ. ಬಕೆಟ್ಟುಗಳೇನೋ ನಿಜ.

ಆ ಸಂಖ್ಯೆ ಸುಮ್ನೆ ಬಿಟ್ಟುಹೋಯಿತು ಅಂತ ನಂಬುವುದು ಕಷ್ಟ. ಮೊದಮೊದಲು ಜನರ ಮುಂದೆ ಓಡಾಡುತ್ತಿದ್ದ ಅಂದಾಜು ದಿನಕ್ಕೆ 5,000 ಬ್ಯಾರೆಲ್. ಆಗಸ್ಟ್‌ನಲ್ಲಿ ಸರಕಾರದ ವಿಜ್ಞಾನಿಗಳು ಹೇಳಿದ್ದು, ಶುರುವಿನಲ್ಲಿ ದಿನಕ್ಕೆ 62,000 ಬ್ಯಾರೆಲ್. 2012ರಲ್ಲಿ ಕಂಪನಿ ಒಟ್ಟು 14 ಆರೋಪಗಳಲ್ಲಿ ತಪ್ಪೊಪ್ಪಿಕೊಳ್ಳಲು ಸಮ್ಮತಿಸಿತು. ಅದರಲ್ಲಿ 11 ಆ ಕಾರ್ಮಿಕರ ಸಾವಿನವು. ಇನ್ನೊಂದು, ಇದೇ ಸೋರಿಕೆಯ ಪ್ರಮಾಣದ ವಿಷಯದಲ್ಲಿ ಅಮೆರಿಕದ ಕಾಂಗ್ರೆಸ್ಸಿನ, ಅಂದರೆ ಅಲ್ಲಿನ ಸಂಸತ್ತಿನ, ತನಿಖೆಗೆ ಅಡ್ಡಿ ಮಾಡಿದ್ದು.

ಜಾಹೀರಾತಿಗೂ ಮೊದಲು, ಮೇ ತಿಂಗಳಲ್ಲಿ, ಇದೇ ಹೇವರ್ಡ್ ಪತ್ರಿಕೆಯೊಂದಕ್ಕೆ ಇನ್ನೊಂದು ಮಾತು ಹೇಳಿದ್ದರು: ಕೊಲ್ಲಿ ಬಹಳ ದೊಡ್ಡದು, ಅದರ ನೀರಿನ ಮುಂದೆ ನಮ್ಮ ಎಣ್ಣೆ ತೀರಾ ಕಡಿಮೆ ಅಂತ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ, ಅಲ್ವಾ? ಭಾಗಾಕಾರವೂ ಸರಿಯೇ. ಆದರೆ ಎಣ್ಣೆ ಇಡೀ ಕೊಲ್ಲಿಗೆ ಸಮನಾಗಿ ಹಂಚಿಕೊಂಡು ಮಾಯವಾಗುವುದಿಲ್ಲ, ತೇಲಿಬಂದು ಲೂಸಿಯಾನಾದ ಜೌಗಿಗೆ, ಅಲ್ಲಿನ ಹಕ್ಕಿಗಳ ರೆಕ್ಕೆಗೆ ಮೆತ್ತಿಕೊಳ್ಳುತ್ತದೆ. ಸಿಗಡಿ ಹಿಡಿದು ಬದುಕುವವನಿಗೆ ಕೊಲ್ಲಿಯ ಒಟ್ಟು ನೀರು ಕಟ್ಟಿಕೊಂಡು ಏನಾಗಬೇಕು?

‘ನ್ಯಾಯವಾದ ಪರಿಹಾರದ ಕ್ಲೇಮುಗಳನ್ನೆಲ್ಲ ಕೊಡುತ್ತೇವೆ’ ಅಂತಲೂ ಆ ಜಾಹೀರಾತಿನಲ್ಲಿದೆ. ಯಾವುದು ನ್ಯಾಯವಾದದ್ದು ಅಂತ ಯಾರು ಹೇಳಬೇಕು? ಅದನ್ನು ಹೇಳಿಲ್ಲ.

ಕ್ಷಮೆ ಮನಸ್ಸಿನಿಂದಲೇ ಬಂದಿರಬಹುದು, ಅದರ ಬಗ್ಗೆ ನನ್ನ ಜಗಳವಿಲ್ಲ. ‘ಹಾಗಾದರೆ ಕಂಪನಿ ಬಾಯಿ ಮುಚ್ಚಿಕೊಂಡು ಇರಬೇಕಿತ್ತಾ’ ಅಂತಲೂ ಕೇಳಿದ್ದೀರಿ. ಇದ್ದರೂ ನಡೆಯುತ್ತಿತ್ತು. ಕಾಂಗ್ರೆಸ್ ಸದಸ್ಯರು ಪಟ್ಟು ಹಿಡಿದ ಮೇಲೆ, ಮೇ ತಿಂಗಳಲ್ಲೇ, ಸಮುದ್ರದ ತಳದ ಕ್ಯಾಮೆರಾದ ದೃಶ್ಯ ಜನರಿಗೆ ನೇರವಾಗಿ ಸಿಗುವಂತಾಗಿತ್ತು. ಹಗಲು ರಾತ್ರಿ ಉಕ್ಕುವ ಕಂದು ಬುಗ್ಗೆ, ಮಾತಿಲ್ಲ ಕತೆಯಿಲ್ಲ. ಜಾಹೀರಾತಿಗೆ ಕೊಂಡ ಆ ಒಂದು ನಿಮಿಷದಲ್ಲಿ ಅದನ್ನೇ ಹಾಕಬಹುದಿತ್ತು.

– ಸಂಪಾದಕ