ಪಾಸಾದವರ ಪಟ್ಟಿಯಿಂದ ಕೆಲಸ ಆರಂಭಿಸಬೇಡಿ

ನಿಮ್ಮ ಬಾಲಕಿಯರ ಪ್ರೌಢಶಾಲೆಗೆ ಐವತ್ತು ವರ್ಷ ತುಂಬುವ ಹೊತ್ತಿಗೆ ಸಾಧನೆ ಮಾಡಿದ ಹಳೆಯ ವಿದ್ಯಾರ್ಥಿನಿಯರಿಂದ ನೆನಪುಗಳನ್ನು ಬರೆಸಿ ಸ್ಮರಣ ಸಂಚಿಕೆ ತರುವುದು ಹೇಗೆ, ವಾಟ್ಸಾಪ್ ಗುಂಪಿನಲ್ಲಿ ಎಷ್ಟು ಕೇಳಿಕೊಂಡರೂ ಯಾರೂ ಏಕೆ ಬರೆದುಕೊಡುತ್ತಿಲ್ಲ ಎಂದು ಕೇಳಿದ್ದೀರಿ. ಇದೇ ಕೆಲಸವನ್ನು ನಾನು ನಮ್ಮ ಶಾಲೆಗಾಗಿ ಮಾಡಿದ್ದೇನೆ. ಸಂಚಿಕೆ ಹೊರಬಂದಿತು, ಬಿಡುಗಡೆಯ ಸಮಾರಂಭವೂ ಚೆನ್ನಾಗಿಯೇ ನಡೆಯಿತು. ಆದರೆ ಆ ಪುಸ್ತಕವನ್ನು ಇಂದಿಗೂ ನೆಮ್ಮದಿಯಿಂದ ತೆರೆದು ನೋಡಲು ನನ್ನಿಂದ ಆಗುವುದಿಲ್ಲ.

ನಮ್ಮದು ತಾಲ್ಲೂಕು ಕೇಂದ್ರದ ಸರ್ಕಾರಿ ಬಾಲಕಿಯರ ಪ್ರೌಢಶಾಲೆ. 1986ರಿಂದ 1989ರವರೆಗೆ, ಎಂಟರಿಂದ ಹತ್ತನೆಯ ತರಗತಿಯವರೆಗೆ, ನಾನು ಅಲ್ಲಿ ಓದಿದೆ. ಸಂಚಿಕೆಯ ಸಮಿತಿಯಲ್ಲಿ ಹಳೆಯ ವಿದ್ಯಾರ್ಥಿನಿಯರ ಹೆಸರು, ವಿಳಾಸಗಳನ್ನು ಕಲೆಹಾಕುವ ಹೊಣೆ ನನ್ನ ಪಾಲಿಗೆ ಬಂದಿತ್ತು. ಹುಡುಗರ ಶಾಲೆಯಲ್ಲಾದರೆ ಇದು ಅಷ್ಟು ಕಷ್ಟದ ಕೆಲಸವಲ್ಲ, ಏಕೆಂದರೆ ಹುಡುಗನ ಹೆಸರು, ಇನಿಷಿಯಲ್, ಎಷ್ಟೋ ಸಲ ಮನೆಯೂ ಅದೇ ಆಗಿ ಉಳಿದಿರುತ್ತದೆ. ಹುಡುಗಿಯರದು ಹಾಗಲ್ಲ. ಮದುವೆಯಾದ ಮೇಲೆ ಊರು ಬದಲಾಗುತ್ತದೆ, ತಂದೆಯ ಹೆಸರಿನ ಅಕ್ಷರ ಹೋಗಿ ಗಂಡನ ಹೆಸರು ಬರುತ್ತದೆ, ಕೆಲವು ಮನೆತನಗಳಲ್ಲಿ ಹೆಸರನ್ನೇ ಬದಲಾಯಿಸುತ್ತಾರೆ. ಶಾಲೆಯ ಕಡತದಲ್ಲಿರುವ ಹುಡುಗಿಯನ್ನು ಹುಡುಕಿಕೊಂಡು ಹೊರಟರೆ ಅವಳ ತವರಿನ ಬಾಗಿಲಿನವರೆಗೆ ಹೋಗಬಹುದು. ಅಲ್ಲಿಂದ ಮುಂದಕ್ಕೆ ಅಣ್ಣನನ್ನೋ ಅತ್ತಿಗೆಯನ್ನೋ ಕೇಳಬೇಕು.

ಕಚೇರಿಯಲ್ಲಿ ಎರಡು ಬಗೆಯ ದಾಖಲೆಗಳಿದ್ದವು. ಒಂದು, ವರ್ಷ ವರ್ಷದ ಎಸ್‌ಎಸ್‌ಎಲ್‌ಸಿ ಫಲಿತಾಂಶದ ಪಟ್ಟಿ: ಟೈಪ್ ಮಾಡಿದ್ದು, ಶುಭ್ರವಾಗಿದ್ದು, ಯಾರು ಯಾವ ದರ್ಜೆಯಲ್ಲಿ ತೇರ್ಗಡೆಯಾದರು ಎಂಬುದು ಒಂದೇ ನೋಟಕ್ಕೆ ತಿಳಿಯುವಂಥದ್ದು. ಇನ್ನೊಂದು, ದಾಖಲಾತಿ ರಿಜಿಸ್ಟರ್: ದಪ್ಪ ರಟ್ಟಿನದು, ಅಂಚುಗಳನ್ನು ಹುಳ ತಿಂದದ್ದು, ಮಸಿ ಮಾಸಿ ಓದುವುದೇ ಕಷ್ಟವಾದದ್ದು, ಕೆಲವೇ ತಿಂಗಳು ಬಂದು ಬಿಟ್ಟವರ ಹೆಸರುಗಳೂ ಸೇರಿಕೊಂಡದ್ದು. ನಾನು ಮೊದಲನೆಯದನ್ನು ಆರಿಸಿಕೊಂಡೆ.

ನಾನು ಮಾಡಿದ ತಪ್ಪು ಇದೇ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ಮಾಡುವಾಗ ಅದು ತಪ್ಪಿನಂತೆ ಕಾಣುವುದೇ ಇಲ್ಲ. ಸಮಯ ಕಡಿಮೆ ಇತ್ತು, ಮುದ್ರಣಾಲಯದವರು ಗಡುವು ಕೊಟ್ಟಿದ್ದರು, ಕೈಗೆ ಸಿದ್ಧ ಪಟ್ಟಿಯೊಂದು ಸಿಕ್ಕಿತ್ತು. ಅಷ್ಟೇ ಆಗಿದ್ದರೆ ಅನುಕೂಲಕ್ಕಾಗಿ ಮಾಡಿದ್ದು ಎನ್ನಬಹುದಿತ್ತು. ಆದರೆ ಸಮಿತಿಯ ಸಭೆಯಲ್ಲಿ ನಾನು ಅದಕ್ಕೊಂದು ನ್ಯಾಯವನ್ನೂ ಹೊಂದಿಸಿ ಹೇಳಿದೆ: ಶಾಲೆಯನ್ನು ಪೂರೈಸಿದವರೇ ಶಾಲೆಯ ಹಳೆಯ ವಿದ್ಯಾರ್ಥಿನಿಯರು, ನಡುವೆ ಬಿಟ್ಟವರನ್ನು ಸೇರಿಸುತ್ತಾ ಹೋದರೆ ಇದಕ್ಕೆ ಕೊನೆಯಿಲ್ಲ ಎಂದೆ. ಯಾರೂ ಎದುರು ಮಾತಾಡಲಿಲ್ಲ. ಏಕೆಂದರೆ ಅಲ್ಲಿ ಕುಳಿತಿದ್ದ ನಾವೆಲ್ಲರೂ ಪಾಸಾದವರು. ಬಿಟ್ಟುಹೋದವರ ಪರವಾಗಿ ಬಾಯಿ ತೆರೆಯಬೇಕಾದವರು ಆ ಸಭೆಗೆ ಬರುವ ದಾರಿಯನ್ನೇ ನಾವು ಮುಚ್ಚಿದ್ದೆವು. ಒಮ್ಮೆ ಪಟ್ಟಿ ಹೀಗೆ ನಿಂತಮೇಲೆ ಉಳಿದದ್ದೆಲ್ಲವೂ ಅದರ ಹಿಂದೆಯೇ ನಡೆಯಿತು. ಪತ್ರಗಳು ಆ ಪಟ್ಟಿಯವರಿಗೇ ಹೋದವು, ಆಮಂತ್ರಣಗಳೂ ಅವರಿಗೇ ಹೋದವು. ಒಂಬತ್ತನೆಯ ತರಗತಿಯ ಗುಂಪು ಚಿತ್ರದ ಕೆಳಗೆ ಹೆಸರುಗಳನ್ನು ಹಾಕುವಾಗಲೂ ಮುಖಗಳನ್ನು ಆ ಪಟ್ಟಿಗೇ ಹೊಂದಿಸಿ ನೋಡಿದೆವು. ಹೊಂದದ ಮುಖಗಳು ಹೆಸರಿಲ್ಲದೆಯೇ ಅಚ್ಚಾದವು.

ಅಂಥ ಮುಖಗಳಲ್ಲಿ ಒಂದು ನನ್ನ ಪಕ್ಕದಲ್ಲೇ ಕುಳಿತಿದ್ದವಳದು. ಎರಡು ವರ್ಷ ನಾವು ಒಂದೇ ಬೆಂಚಿನವರು. ಅವಳ ಅಕ್ಷರ ಬಹಳ ದುಂಡಗಿತ್ತು. ಶಾಲೆಯ ಗೋಡೆ ಪತ್ರಿಕೆಯನ್ನು ಡ್ರಾಯಿಂಗ್ ಹಾಳೆಯ ಮೇಲೆ ಬರೆಯುತ್ತಿದ್ದವಳು ಅವಳೇ. ಪೆನ್ಸಿಲಿನಿಂದ ಗೆರೆ ಎಳೆದು, ನಿಬ್ಬಿನ ಪೆನ್ನನ್ನು ಮಸಿಯಲ್ಲಿ ಅದ್ದಿ ಬರೆದು, ಒಣಗಿದ ಮೇಲೆ ಗೆರೆಗಳನ್ನು ರಬ್ಬರಿನಿಂದ ಅಳಿಸಿ, ಅಕ್ಷರ ಕದಡದಂತೆ ಹಾಳೆಯನ್ನು ಎರಡೂ ಕೈಗಳಲ್ಲಿ ಅಡ್ಡಲಾಗಿ ಹಿಡಿದುಕೊಂಡು ಹೋಗಿ ಫಲಕಕ್ಕೆ ಅಂಟಿಸುತ್ತಿದ್ದಳು. ಕವಿತೆಗಳು ನಮ್ಮವು, ಓದುವಂತೆ ಮಾಡುತ್ತಿದ್ದದ್ದು ಅವಳ ಕೈ. ಒಂಬತ್ತನೆಯ ತರಗತಿಯ ಬೇಸಿಗೆ ರಜೆ ಮುಗಿಸಿ ನಾವು ಬಂದಾಗ ಅವಳು ಬರಲಿಲ್ಲ. ಮದುವೆಯಾಯಿತೆಂದು ಯಾರೋ ಹೇಳಿದರು. ನಮ್ಮ ಬೆಂಚಿಗೆ ಬೇರೊಬ್ಬಳು ಬಂದು ಕುಳಿತಳು.

ಪತ್ರಿಕೆಯಲ್ಲಿ ಬಂದ ಪ್ರಕಟಣೆಯನ್ನು ನೋಡಿ ಅವಳು ಬಿಡುಗಡೆಯ ದಿನ ತಾನಾಗಿಯೇ ಬಂದಿದ್ದಳು. ಹಿಂದಿನ ಸಾಲಿನಲ್ಲಿ ಕುಳಿತು ಸಂಚಿಕೆಯ ಪುಟಗಳನ್ನು ತಿರುವಿದಳು. ಗೋಡೆ ಪತ್ರಿಕೆಯ ಹಳೆಯ ಚಿತ್ರವೊಂದನ್ನು ನಾವು ಅರ್ಧ ಪುಟದಷ್ಟು ದೊಡ್ಡದಾಗಿ ಹಾಕಿದ್ದೆವು, ಕೆಳಗೆ ಕವಿತೆ ಬರೆದವರ ಹೆಸರುಗಳಿದ್ದವು. ಕಾರ್ಯಕ್ರಮ ಮುಗಿದ ಮೇಲೆ ನನ್ನ ಬಳಿ ಬಂದು ಆ ಪುಟದ ಮೇಲೆ ಬೆರಳಿಟ್ಟು, “ಇದು ನನ್ನ ಅಕ್ಷರ ಅಲ್ವಾ?” ಎಂದು ಕೇಳಿದಳು. ಹೌದು ಎಂದೆ. ಗುಂಪು ಚಿತ್ರದ ಬಗ್ಗೆ ಅವಳು ಏನೂ ಕೇಳಲಿಲ್ಲ, ಆದರೆ ಅದನ್ನು ನೋಡಿದ್ದಾಳೆಂದು ನನಗೆ ಗೊತ್ತಾಯಿತು. ಕೆಲವು ವಾರಗಳ ಬಳಿಕ ಅವಳ ಮನೆಗೆ ಹೋದೆ. ಆದರದಿಂದಲೇ ಬರಮಾಡಿಕೊಂಡಳು, ಮಕ್ಕಳ ವಿಚಾರ, ಹೊಲದ ವಿಚಾರ ಎಲ್ಲವನ್ನೂ ಹೇಳಿದಳು. ಶಾಲೆಯ ನೆನಪುಗಳನ್ನು ಹೇಳು, ಬರೆದುಕೊಳ್ಳುತ್ತೇನೆ ಎಂದಾಗ ಮಾತ್ರ “ಪುಸ್ತಕ ಬಂದಾಯ್ತಲ್ಲ, ಇನ್ನು ಯಾಕೆ” ಎಂದು ಸುಮ್ಮನಾದಳು. ಆಮೇಲೆ ಎಷ್ಟು ಕೇಳಿಕೊಂಡರೂ ಅವಳ ನಿಲುವು ಬದಲಾಗಲಿಲ್ಲ. ಆ ಎರಡು ವರ್ಷಗಳ ಶಾಲೆ ಅವಳ ಕಣ್ಣಿಗೆ ಹೇಗೆ ಕಂಡಿತ್ತೆಂಬುದು ಇನ್ನು ಯಾವ ಪುಸ್ತಕಕ್ಕೂ ಬರುವುದಿಲ್ಲ, ಮತ್ತು ಅದಕ್ಕೆ ಕಾರಣಳು ನಾನು.

ಆಮೇಲೆ ದಾಖಲಾತಿ ರಿಜಿಸ್ಟರನ್ನು ತೆಗೆಸಿ ನೋಡಿದೆ. ಅವಳ ಸಾಲಿನಲ್ಲಿ ಪ್ರವೇಶ ಸಂಖ್ಯೆ, ಹೆಸರು, ತಂದೆಯ ಹೆಸರು, ಊರು, ಜನ್ಮ ದಿನಾಂಕ, ಸೇರಿದ ತರಗತಿ, ಬಿಟ್ಟ ದಿನಾಂಕ ಎಲ್ಲವೂ ಇದ್ದವು. ಶಾಲೆ ಬಿಡಲು ಕಾರಣ ಎಂಬ ಅಂಕಣದಲ್ಲಿ “ಪೋಷಕರ ಕೋರಿಕೆಯ ಮೇರೆಗೆ” ಎಂದಿತ್ತು. ಪುಟ ತಿರುವಿದರೆ ಮೇಲೆಯೂ ಕೆಳಗೆಯೂ ಅದೇ ಕೈಬರಹ, ಅದೇ ಮಾತು. ಹೆಣ್ಣಿನ ಮದುವೆಯ ಕನಿಷ್ಠ ವಯಸ್ಸನ್ನು ಬಾಲ್ಯವಿವಾಹ ತಡೆ ಕಾಯಿದೆಯ 1978ರ ತಿದ್ದುಪಡಿಯೇ ಹದಿನೈದರಿಂದ ಹದಿನೆಂಟಕ್ಕೆ ಏರಿಸಿತ್ತು; ಒಂಬತ್ತನೆಯ ತರಗತಿಯ ಹುಡುಗಿಯ ಹೆಸರಿನ ಮುಂದೆ ಮದುವೆ ಎಂದು ಬರೆಯುವ ಧೈರ್ಯ ಯಾವ ಗುಮಾಸ್ತರಿಗೂ ಇದ್ದಿರಲಾರದು ಎಂಬುದು ನನ್ನ ಊಹೆ. ಆ ಒಂದೇ ಮಾತಿನ ಹಿಂದೆ ಮದುವೆಗಳಿದ್ದವು, ಮೈನೆರೆದ ಮೇಲೆ ಬಸ್ಸಿನಲ್ಲಿ ಕಳಿಸುವುದು ಬೇಡವೆಂದ ಮನೆಗಳಿದ್ದವು, ತಾಯಿಯ ಬಾಣಂತನಕ್ಕೆ ನಿಂತವರಿದ್ದರು, ತಮ್ಮ ತಂಗಿಯರನ್ನು ನೋಡಿಕೊಳ್ಳಲು ಉಳಿದವರಿದ್ದರು. ಮೈಸೂರಿನಲ್ಲಿ ಮಹಾರಾಣಿ ಬಾಲಕಿಯರ ಶಾಲೆ ಆರಂಭವಾದದ್ದು 1881ರಲ್ಲಿ. ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು ಮೈಸೂರು ಸಂಸ್ಥಾನ ನಿಷೇಧಿಸಿದ್ದು 1894ರಲ್ಲಿ. ಶಾರದಾ ಕಾಯಿದೆ ಆ ವಯಸ್ಸನ್ನು ಹದಿನಾಲ್ಕಕ್ಕೆ ತಂದದ್ದು 1929ರಲ್ಲಿ. ನಮ್ಮ ಸೀಮೆಯಲ್ಲಿ ಹೆಣ್ಣುಮಕ್ಕಳ ಶಾಲೆಯ ಕಥೆ ಮೊದಲಿನಿಂದಲೂ ಯಾರು ಎಷ್ಟು ದಿನ ಉಳಿದರು ಎಂಬುದರ ಕಥೆಯೂ ಹೌದು. ಕೊನೆಯವರೆಗೆ ಉಳಿದವರನ್ನಷ್ಟೇ ಕೇಳಿ ಬರೆದರೆ ಅದರಲ್ಲಿ ಅರ್ಧ ಕಥೆಯೂ ಇರುವುದಿಲ್ಲ.

ರಿಜಿಸ್ಟರನ್ನು ಹಿಡಿದು ಒಂದೊಂದೇ ಊರಿಗೆ ಹೋಗತೊಡಗಿದೆ. ಅಲ್ಲಿ ಕೇಳಿದ ಮಾತುಗಳು ನಮ್ಮ ಸಂಚಿಕೆಯ ಒಂದು ಲೇಖನದಲ್ಲಿಯೂ ಇರಲಿಲ್ಲ. ಸಂಚಿಕೆಗೆ ಬಂದ ಬರಹಗಳಲ್ಲಿ ಗುರುಗಳ ಶಿಸ್ತು, ಪ್ರಾರ್ಥನೆ, ವಾರ್ಷಿಕೋತ್ಸವ, ಶಾಲೆಯಿಂದ ತಾವು ಏನಾದೆವು ಎಂಬ ಕೃತಜ್ಞತೆ, ಇಷ್ಟೇ ಇದ್ದವು. ಒಂದು ಹಳ್ಳಿಯ ಹೆಂಗಸರು ಕೊನೆಯ ಬಸ್ಸಿನ ವಿಷಯ ಹೇಳಿದರು. ಬಸ್ಸು ಹಿಡಿಯಲು ಅವರು ಕೊನೆಯ ಪಿರಿಯಡ್ ಮುಗಿಯುವ ಮೊದಲೇ ಓಡಬೇಕಿತ್ತು, ವಾರದಲ್ಲಿ ಹೆಚ್ಚು ದಿನ ಆ ಪಿರಿಯಡ್ ಗಣಿತದ್ದಾಗಿರುತ್ತಿತ್ತು. ಅವರಲ್ಲಿ ಎಸ್‌ಎಸ್‌ಎಲ್‌ಸಿಯವರೆಗೆ ಬಂದವರು ಗಣಿತದಲ್ಲೇ ನಪಾಸಾಗಿದ್ದರು. ನಾನು ಅದೇ ತರಗತಿಯಲ್ಲಿ ಕುಳಿತಿದ್ದವಳು, ಅವರು ಚೀಲ ಎತ್ತಿಕೊಂಡು ಬಾಗಿ ಹೊರಗೆ ಹೋಗುವುದನ್ನು ದಿನವೂ ನೋಡಿದ್ದವಳು. ಹಳ್ಳಿಯ ಹುಡುಗಿಯರಿಗೆ ಲೆಕ್ಕ ಹತ್ತುವುದಿಲ್ಲ ಎಂದು ಮೇಷ್ಟ್ರು ಹೇಳಿದಾಗ ನಂಬಿದ್ದವಳು. ಇನ್ನೊಬ್ಬರು ಬೆಳಗ್ಗೆಯಿಂದ ಸಂಜೆಯವರೆಗೆ ನೀರು ಕುಡಿಯದೆ ಇರುತ್ತಿದ್ದೆವು ಎಂದರು, ಏಕೆಂದರೆ ಇದ್ದ ಒಂದು ಶೌಚಾಲಯದ ಬೀಗದ ಕೈ ಶಿಕ್ಷಕಿಯರ ಕೊಠಡಿಯಲ್ಲಿತ್ತು, ಎಲ್ಲರ ಎದುರಿಗೆ ಅದನ್ನು ಕೇಳಲು ಸಂಕೋಚ. ಮುಟ್ಟಾದ ಹುಡುಗಿಯರಿಗಾಗಿ ನಮ್ಮ ಆಯಾ ತನ್ನ ತಗಡಿನ ಪೆಟ್ಟಿಗೆಯಲ್ಲಿ ಹಳೆಯ ಸೀರೆಯ ಒಗೆದ ತುಂಡುಗಳನ್ನು ಮಡಿಸಿ ಇಟ್ಟಿರುತ್ತಿದ್ದರೆಂದು ಅನೇಕರು ಹೇಳಿದರು. ಸಂಚಿಕೆಯಲ್ಲಿ ಆ ಆಯಾ ಅವರ ಹೆಸರೂ ಇರಲಿಲ್ಲ.

ನೋವಿನ ಮಾತುಗಳಷ್ಟೇ ಬರುತ್ತವೆಂದು ತಿಳಿಯಬೇಡಿ. ಬಿಟ್ಟುಹೋದವರು ನಮಗಿಂತ ಸಂತೋಷದಿಂದ ಆ ದಿನಗಳನ್ನು ನೆನೆಯುತ್ತಾರೆ. ನಾಟಕದಲ್ಲಿ ಕಾಡಿಗೆಯಿಂದ ಮೀಸೆ ಬರೆದುಕೊಂಡು ರಾಜನಾದದ್ದು, ಬೆಂಚುಗಳನ್ನು ತಾವೇ ಹೊತ್ತು ವೇದಿಕೆ ಕಟ್ಟಿದ್ದು, ಥ್ರೋಬಾಲ್ ಆಡುವಾಗ ಗಂಟಲು ಬಿಟ್ಟು ಕೂಗಿದ್ದು, ಇವನ್ನೆಲ್ಲ ಹೇಳುವಾಗ ಅವರ ದನಿಯೇ ಬದಲಾಗುತ್ತದೆ. ಒಬ್ಬರು ತಮ್ಮ ತರಗತಿಯ ಹಾಜರಿಯನ್ನು ಮೊದಲಿನಿಂದ ಕೊನೆಯವರೆಗೆ, ಇನಿಷಿಯಲ್ ಸಮೇತ, ಮೇಡಂ ಕೂಗುತ್ತಿದ್ದ ರಾಗದಲ್ಲೇ ಹೇಳಿಬಿಟ್ಟರು. ತಮ್ಮ ಹೆಸರು ಬಂದಾಗ ಒಂದು ಕ್ಷಣ ನಿಂತು, ಮದುವೆಯಾದ ಮೇಲೆ ಹೀಗೆ ಪೂರ್ತಿ ಹೆಸರು ಹಿಡಿದು ಯಾರೂ ಕರೆದಿಲ್ಲ ಎಂದರು. ಅವರ ಬಾಯಿಂದ ಬಂದ ಹಾಜರಿಯಲ್ಲಿ ನಮ್ಮ ಟೈಪ್ ಮಾಡಿದ ಪಟ್ಟಿಗಿಂತ ಎಷ್ಟೋ ಹೆಚ್ಚು ಹೆಸರುಗಳಿದ್ದವು.

ಆದ್ದರಿಂದ ಸಾಧನೆ ಮಾಡಿದವರನ್ನು ಹೇಗೆ ಹಿಡಿಯುವುದು ಎಂಬ ನಿಮ್ಮ ಪ್ರಶ್ನೆಗೆ ಉತ್ತರಿಸಲು ನನಗೆ ಮನಸ್ಸಿಲ್ಲ. ಅವರನ್ನು ಹುಡುಕುವ ಅಗತ್ಯವಿಲ್ಲ, ಅವರ ವಿಳಾಸ ಎಲ್ಲರಲ್ಲಿಯೂ ಇರುತ್ತದೆ. ದೇಣಿಗೆ, ಜಾಹೀರಾತುಗಳಿಗೆ ಅವರ ನೆರವು ಬೇಕಾಗುತ್ತದೆ ಎಂಬುದನ್ನು ಬಲ್ಲೆ. ಶುಭಾಶಯದ ನಾಲ್ಕು ಸಾಲು ಬರೆಸಿಕೊಳ್ಳಿ, ಸಾಕು. ಲೇಖನ ಬರೆದುಕೊಡಿ ಎಂದು ಯಾರನ್ನೂ ಕೇಳಬೇಡಿ. ಗುಂಪಿನಲ್ಲಿ ಯಾರೂ ಬರೆಯದಿರುವುದು ಅಸಡ್ಡೆಯಿಂದಲ್ಲ. ಲೇಖನ ಎಂದೊಡನೆ ತಮ್ಮ ಕನ್ನಡ ಸಾಲದು, ತಪ್ಪಾದರೆ ಮೇಡಂ ನೋಡುತ್ತಾರೆ ಎಂಬ ಅಳುಕು ಐವತ್ತು ದಾಟಿದವರಲ್ಲಿಯೂ ಇದೆ. ನೀವೇ ಹೋಗಿ ಕುಳಿತು ಕೇಳಿ, ಫೋನಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿ, ಅವರು ಆಡಿದ ಕನ್ನಡದಲ್ಲೇ ಬರೆಯಿರಿ, ತಿದ್ದಿ ಗ್ರಂಥಸ್ಥ ಮಾಡಲು ಹೋಗಬೇಡಿ. ಮರೆಯಲಾಗದ ಘಟನೆ ಯಾವುದು ಎಂದು ಕೇಳಿದರೆ ಎಲ್ಲರೂ ಒಂದೇ ಉತ್ತರ ಕೊಡುತ್ತಾರೆ. ನೀರು ಎಲ್ಲಿ ಕುಡಿಯುತ್ತಿದ್ದಿರಿ, ಯಾರ ಜೊತೆ ನಡೆದುಕೊಂಡು ಬರುತ್ತಿದ್ದಿರಿ, ಬಸ್ಸು ತಪ್ಪಿದ ದಿನ ಏನು ಮಾಡಿದಿರಿ, ಕೊನೆಯ ದಿನ ಶಾಲೆಯಿಂದ ಹೊರಟಾಗ ಅದು ಕೊನೆಯ ದಿನವೆಂದು ಗೊತ್ತಿತ್ತೇ ಎಂದು ಕೇಳಿ. ಅಚ್ಚು ಮಾಡಿಸುವುದೋ ಜಾಲದಲ್ಲಿ ಹಾಕುವುದೋ ಎಂಬುದನ್ನು ಆಮೇಲೆ ನೋಡಿಕೊಳ್ಳಬಹುದು.

ದಾಖಲಾತಿ ರಿಜಿಸ್ಟರ್ ಶಾಲೆಯ ಶಾಶ್ವತ ದಾಖಲೆ, ಎಷ್ಟು ಹಳೆಯದಾದರೂ ಕಚೇರಿಯಲ್ಲಿ ಇರಬೇಕು. ಅದನ್ನು ನೋಡಲು ಮುಖ್ಯ ಶಿಕ್ಷಕರಿಗೆ ಲಿಖಿತ ಅರ್ಜಿ ಕೊಟ್ಟು, ಅವರ ಎದುರಿಗೇ ಕುಳಿತು ಹೆಸರು, ಊರು, ಓದಿದ ವರ್ಷಗಳನ್ನಷ್ಟೇ ಬರೆದುಕೊಳ್ಳಿ. ಜಾತಿ, ಜನ್ಮ ದಿನಾಂಕದ ಅಂಕಣಗಳಿರುವ ಪುಟದ ಚಿತ್ರ ತೆಗೆದು ಗುಂಪಿನಲ್ಲಿ ಹಾಕುವ ಕೆಲಸವನ್ನು ಯಾರಿಗೂ ಮಾಡಗೊಡಬೇಡಿ. ಹೇಳಿದವರ ಮಾತನ್ನು ಅಚ್ಚಿಗೆ ಕಳಿಸುವ ಮೊದಲು ಅವರಿಗೆ ಓದಿ ಕೇಳಿಸಿ, ಬೇಡವೆಂದದ್ದನ್ನು ಚೌಕಾಸಿ ಮಾಡದೆ ತೆಗೆಯಿರಿ. ಗುಂಪು ಚಿತ್ರಗಳನ್ನು ದೊಡ್ಡದಾಗಿ ಮುದ್ರಿಸಿಕೊಂಡು ಹೋದ ಊರಿಗೆಲ್ಲ ಒಯ್ಯಿರಿ, ಪ್ರತಿಯೊಂದು ಮುಖಕ್ಕೂ ಹೆಸರು ಸಿಗುವವರೆಗೆ ಅವನ್ನು ಅಚ್ಚಿಗೆ ಕೊಡಬೇಡಿ. ಅದಕ್ಕಾಗಿ ಬಿಡುಗಡೆಯನ್ನು ಒಂದು ವರ್ಷ ಮುಂದಕ್ಕೆ ಹಾಕಬೇಕಾಗಿ ಬಂದರೂ ಹಾಕಿ.